ಗುಂಡು ದಾರಿ ತಪ್ಪುವುದೇಕೆ? ಬಂದೂಕನ್ನು ಕಾಂಕ್ರೀಟಿಗೆ ಕೂರಿಸಿ ಉತ್ತರ ಹುಡುಕಿದ ಡಾ. ಮ್ಯಾನ್

ಕೊಲ್ಹಾಪುರದ ಸ್ವಪ್ನಿಲ್ ಕುಸಾಲೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ 50 ಮೀಟರ್ ರೈಫಲ್ ಸ್ಪರ್ಧೆ ನೆನಪಿರಬಹುದು. ಅಲ್ಲಿ ಹತ್ತು ಅಂಕದ ವೃತ್ತದ ಅಗಲ ಬರೀ 10.4 ಮಿಲಿಮೀಟರ್. ಬಳಸುವುದು .22 ರಿಮ್‌ಫೈರ್ ಕಾಡತೂಸು. ವಿಚಿತ್ರವೆಂದರೆ ಒಂದೇ ಕಂಪನಿಯ, ಒಂದೇ ಹೆಸರಿನ ಕಾಡತೂಸಿನಲ್ಲೂ ಒಂದು ಲಾಟ್ ಒಂದು ರೈಫಲ್‌ಗೆ ಒಗ್ಗುತ್ತದೆ, ಇನ್ನೊಂದು ಒಗ್ಗುವುದಿಲ್ಲ. ಅದಕ್ಕೇ ಈಲಿ, ಲಪುವಾದಂಥ ಕಂಪನಿಗಳ ಪರೀಕ್ಷಾ ಕೇಂದ್ರಗಳಲ್ಲಿ ರೈಫಲ್ಲನ್ನು ಅಲುಗಾಡದಂತೆ ಬಿಗಿದು, ಲಾಟ್ ಮೇಲೆ ಲಾಟ್ ಹಾರಿಸಿ ನೋಡಿ ಶೂಟರ್‌ಗಳು ಖರೀದಿಸುತ್ತಾರೆ.

ಮನುಷ್ಯನ ಕೈಯನ್ನು ಬದಿಗಿಟ್ಟು ಗುಂಡನ್ನೇ ಪರೀಕ್ಷೆಗೆ ಒಡ್ಡುವ ಈ ಕ್ರಮವನ್ನು ಹಟ ಹಿಡಿದು ಬೆಳೆಸಿದವರು ಅಮೆರಿಕದ ಡಾ. ಫ್ರಾಂಕ್ಲಿನ್ ಮ್ಯಾನ್.

1856ರಲ್ಲಿ ಹುಟ್ಟಿದ ಮ್ಯಾನ್ ಕಾರ್ನೆಲ್‌ನಲ್ಲಿ ಓದಿ, ಆಮೇಲೆ ವೈದ್ಯರಾದರು. ಆದರೆ ಕೈಹಿಡಿದದ್ದು ವೈದ್ಯಕೀಯವಲ್ಲ, ಕೋಳಿ ಮೇವಿಗಾಗಿ ಮೂಳೆ ಕತ್ತರಿಸುವ ಯಂತ್ರ! ಮ್ಯಾಸಚೂಸೆಟ್ಸ್‌ನ ಮಿಲ್‌ಫರ್ಡ್‌ನಲ್ಲಿ ಆ ವ್ಯಾಪಾರ ನಡೆಸುತ್ತಲೇ ಅವರು ಬಂದೂಕಿನ ಹಿಂದೆ ಬಿದ್ದರು.

ಗುರಿ ತಪ್ಪಿದರೆ ಆಗ ದೂರುತ್ತಿದ್ದದ್ದು ಗಾಳಿಯನ್ನು, ಮದ್ದನ್ನು, ಇಲ್ಲವೇ ಹಾರಿಸಿದವನನ್ನು. ಮ್ಯಾನ್‌ಗೆ ಈ ಊಹೆಗಳು ಸಾಲಲಿಲ್ಲ. ನೆಲದಲ್ಲಿ ಕಾಂಕ್ರೀಟ್ ಕಂಬ ಹೂಳಿಸಿ, ಅದರ ಮೇಲೆ ವಿ ಆಕಾರದ ತೊಟ್ಟಿಲಲ್ಲಿ ದಪ್ಪ ನಳಿಕೆಯನ್ನು ಕೂರಿಸಿದರು. ನಳಿಕೆಗಳಲ್ಲಿ ಕೆಲವು ಆ ಕಾಲದ ಹೆಸರಾಂತ ಕುಶಲಕರ್ಮಿ ಹ್ಯಾರಿ ಪೋಪ್ ಮಾಡಿಕೊಟ್ಟವು. ಗುಂಡು ಸಾಗುವ ದಾರಿಯುದ್ದಕ್ಕೂ ಕಾಗದದ ಪರದೆ ಕಟ್ಟಿ, ಅದು ಎಲ್ಲೆಲ್ಲಿ ಹೇಗೆ ತೂರಿತು ಎಂದು ತೂತುಗಳನ್ನು ನೋಡಿ ತಿಳಿದುಕೊಂಡರು.

ಬೇಕೆಂದೇ ಗುಂಡುಗಳನ್ನು ಕೆಡಿಸಿಯೂ ಹಾರಿಸಿದರು. ಮೂತಿ ಜಜ್ಜಿದ ಗುಂಡು ಹೆಚ್ಚೇನೂ ಹಾದಿ ಬಿಡಲಿಲ್ಲ. ಬುಡ ಒಂದಿಷ್ಟು ಓರೆಯಾದರೆ ಸಾಕು, ಗುರಿಯಿಂದ ದೂರ ಹೋಯಿತು. ನೋಡುವವರ ಕಣ್ಣು ಹೋಗುವುದು ಮೂತಿಯ ಮೇಲೆ, ಕೆಲಸ ಕೆಡಿಸುವುದು ಬುಡ. ತೂಕ ಒಂದು ಬದಿಗೆ ವಾಲಿದ ಗುಂಡಿನ ಕಥೆಯೂ ಅಷ್ಟೇ: ಒಳಗಿರುವಾಗ ನಳಿಕೆ ಅದನ್ನು ನೇರವಾಗಿ ಹಿಡಿದಿರುತ್ತದೆ, ಹೊರಬಿದ್ದ ಕೂಡಲೇ ಸಮತೂಕ ತಪ್ಪಿದ ಬುಗುರಿಯಂತೆ ಓಲಾಡುತ್ತದೆ.

ಸೋತ ಪ್ರಯೋಗಗಳನ್ನೂ ಮುಚ್ಚಿಡದೆ ಇದೆಲ್ಲವನ್ನೂ 1909ರಲ್ಲಿ ಪುಸ್ತಕವಾಗಿ ತಂದರು. ಅವರ ಪ್ರಯೋಗಗಳು ಹೆಚ್ಚಾಗಿ .22ಕ್ಕಿಂತ ದೊಡ್ಡ ರೈಫಲ್‌ಗಳಲ್ಲಿ ನಡೆದವು, ನಿಜ. ಆದರೆ ಆ ಪಾಠ ಹೆಚ್ಚು ಕಟುವಾಗಿ ತಟ್ಟುವುದು ರಿಮ್‌ಫೈರ್‌ಗೇ. ಬೇರೆ ಕಾಡತೂಸುಗಳನ್ನು ಮನೆಯಲ್ಲೇ ಅಳತೆ ನೋಡಿ ತುಂಬಿಕೊಳ್ಳಬಹುದು. ರಿಮ್‌ಫೈರ್‌ನಲ್ಲಿ ಕಿಡಿಮದ್ದು ಬುಡದ ಅಂಚಿನ ಮಡಿಕೆಯೊಳಗೇ ಇರುತ್ತದೆ. ಒಮ್ಮೆ ಹಾರಿಸಿದ ಮೇಲೆ ಅದನ್ನು ಮತ್ತೆ ತುಂಬುವಂತಿಲ್ಲ. ಕಾರ್ಖಾನೆಯಲ್ಲಿ ಮದ್ದು, ಸೀಸ, ಅಂಚಿನ ದಪ್ಪದಲ್ಲಿ ಕೂದಲೆಳೆ ವ್ಯತ್ಯಾಸವಾದರೂ ಶೂಟರ್‌ಗೆ ತಿದ್ದುವ ದಾರಿಯಿಲ್ಲ, ಹಾರಿಸಿ ನೋಡಿ ಆರಿಸಿಕೊಳ್ಳಬೇಕಷ್ಟೇ.

ಮ್ಯಾನ್ 1916ರಲ್ಲಿ ತೀರಿಕೊಂಡರು. ಕಾಡತೂಸು ಪರೀಕ್ಷಿಸುವ ದಪ್ಪ ನಳಿಕೆಗೆ ಇಂದಿಗೂ ಮ್ಯಾನ್ ಬ್ಯಾರೆಲ್ ಎಂದೇ ಹೆಸರು. ಅನ್ನ ಕೊಟ್ಟ ಮೂಳೆ ಯಂತ್ರಗಳು ಈಗ ಹಳೆ ಸಾಮಾನು ಸಂಗ್ರಹಿಸುವವರ ಪಾಲು.