ಎದೆಯೊಳಗೆ ಇಣುಕಿದ ವೈದ್ಯ ಯಾಕೊಬೇಯಸ್

ಕಳೆದ ವರ್ಷ ತಕಾನಿನಿಯ ನಮ್ಮ ಕನ್ನಡ ತರಗತಿಗೆ ಒಬ್ಬ ವಿದ್ಯಾರ್ಥಿನಿ ಸಪ್ಪೆ ಮುಖ ಮಾಡಿಕೊಂಡು ಬಂದಳು. ಅವರ ಮನೆಯ ಬೆಕ್ಕಿನ ಎದೆಯಲ್ಲಿ ಗಡ್ಡೆ ಇದೆಯೆಂದು ಪಶುವೈದ್ಯರು ಹೇಳಿದ್ದರು. ಎದೆಯನ್ನು ಪೂರ್ತಿ ಸೀಳದೆ, ಪಕ್ಕೆಲುಬುಗಳ ನಡುವೆ ಸಣ್ಣ ರಂಧ್ರಗಳನ್ನು ಮಾಡಿ ಅದನ್ನು ತೆಗೆಯಲು ಪ್ರಯತ್ನಿಸುವುದಾಗಿಯೂ ತಿಳಿಸಿದ್ದರಂತೆ. ಈ ಉಪಾಯ ಮೊದಲು ಯಾರಿಗೆ ಹೊಳೆಯಿತು ಎಂದು ಅವಳು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಹುಡುಕಿದಾಗ ಸಿಕ್ಕ ಹೆಸರೇ ಹಾನ್ಸ್ ಕ್ರಿಶ್ಚಿಯನ್ ಯಾಕೊಬೇಯಸ್.

ಯಾಕೊಬೇಯಸ್ ಹುಟ್ಟಿದ್ದು 1879ರಲ್ಲಿ, ಸ್ವೀಡನ್ ದೇಶದಲ್ಲಿ. ಅದೇ ವರ್ಷ ಜರ್ಮನಿಯ ಮ್ಯಾಕ್ಸ್ ನಿಟ್ಜೆ ಎಂಬ ವೈದ್ಯರು ವಿಯೆನ್ನಾ ನಗರದಲ್ಲಿ ಹೊಸ ಉಪಕರಣವೊಂದನ್ನು ತೋರಿಸಿದರು. ಮಸೂರ ಮತ್ತು ದೀಪವಿದ್ದ ಆ ತೆಳುವಾದ ಕೊಳವೆಯಿಂದ ಮೂತ್ರಕೋಶದ ಒಳಭಾಗವನ್ನು ಕಾಣಬಹುದಾಗಿತ್ತು. 1901ರಲ್ಲಿ ಗೆಯೋರ್ಗ್ ಕೆಲಿಂಗ್ ಎಂಬ ಮತ್ತೊಬ್ಬ ಜರ್ಮನ್ ವೈದ್ಯರು ಅದೇ ಕೊಳವೆಯಿಂದ ಒಂದು ನಾಯಿಯ ಹೊಟ್ಟೆಯೊಳಗೆ ನೋಡಿದರು.

ಸ್ಟಾಕ್‌ಹೋಮ್‌ನಲ್ಲಿ ವೈದ್ಯರಾದ ಯಾಕೊಬೇಯಸ್ ಈ ಕೊಳವೆಯನ್ನು ಮನುಷ್ಯರ ಹೊಟ್ಟೆ ಮತ್ತು ಎದೆಗೂಡಿನೊಳಗೆ ನೋಡಲು ಬಳಸಿದರು. 1910ರಲ್ಲಿ ಆ ಬಗ್ಗೆ ಲೇಖನ ಪ್ರಕಟಿಸಿದಾಗ ಅವರಿಗೆ ಮೂವತ್ತೊಂದು ವರ್ಷ. ಅವರು ಶಸ್ತ್ರವೈದ್ಯರಲ್ಲ, ಔಷಧಿ ಕೊಟ್ಟು ಗುಣಪಡಿಸುವ ವೈದ್ಯರು ಎಂಬುದು ವಿಶೇಷ.

ಆ ಕಾಲದಲ್ಲಿ ಕ್ಷಯರೋಗಕ್ಕೆ ಔಷಧಿಯಿರಲಿಲ್ಲ. ನಮ್ಮ ಮೈಸೂರಿನ ರಾಜಮನೆತನವನ್ನೂ ಆ ರೋಗ ಬಿಡಲಿಲ್ಲ. ಅದರಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಅವರ ಹೆಸರಿನ ಆಸ್ಪತ್ರೆಯನ್ನು ಪಾಲಕರಲ್ಲಿ ಅನೇಕರು ಬಲ್ಲರು. ಎದೆಗೂಡಿಗೆ ಗಾಳಿ ತುಂಬಿಸಿ, ರೋಗ ತಗುಲಿದ ಶ್ವಾಸಕೋಶವನ್ನು ಕುಗ್ಗಿಸಿ, ಅದಕ್ಕೆ ವಿಶ್ರಾಂತಿ ಕೊಡುವುದು ಅಂದಿನ ಚಿಕಿತ್ಸೆಯಾಗಿತ್ತು. ಆದರೆ ಕೆಲವರಲ್ಲಿ ಶ್ವಾಸಕೋಶವು ಎದೆಯ ಗೋಡೆಗೆ ಎಳೆಗಳಂತೆ ಅಂಟಿಕೊಂಡು ಕುಗ್ಗುತ್ತಿರಲಿಲ್ಲ. ಯಾಕೊಬೇಯಸ್ 1913ರಲ್ಲಿ ಎರಡು ಸಣ್ಣ ರಂಧ್ರಗಳನ್ನು ಮಾಡಿದರು. ಒಂದರಿಂದ ನೋಡುತ್ತಾ, ಇನ್ನೊಂದರಿಂದ ಕಾಯಿಸಿದ ತಂತಿಯನ್ನು ಒಳಗಿಳಿಸಿ ಆ ಎಳೆಗಳನ್ನು ಕತ್ತರಿಸಿದರು. ಎಲ್ಲ ಎಳೆಗಳನ್ನೂ ಹೀಗೆ ಕತ್ತರಿಸುವಂತಿರಲಿಲ್ಲ. ದಪ್ಪನೆಯ ಎಳೆಗಳಲ್ಲಿ ರಕ್ತನಾಳವೋ ಶ್ವಾಸಕೋಶದ ಭಾಗವೋ ಸೇರಿರುವ ಅಪಾಯವಿತ್ತು. ಎದೆಯ ಗಡ್ಡೆಗಳನ್ನು ಗುರುತಿಸುವುದಕ್ಕೂ ಅವರು ಈ ಕೊಳವೆಯನ್ನು ಉಪಯೋಗಿಸಿದರು.

1916ರಲ್ಲಿ ಅವರು ಕರೋಲಿನ್ಸ್ಕಾ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ವೈದ್ಯಕೀಯ ನೊಬೆಲ್ ಸಮಿತಿಯ ಸದಸ್ಯರೂ ಆಗಿದ್ದ ಅವರು 1937ರಲ್ಲಿ ನಿಧನರಾದರು. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಔಷಧಿ ಬಂದ ಮೇಲೆ ಕ್ಷಯಕ್ಕೆ ಅವರ ವಿಧಾನ ಬೇಕಾಗಲಿಲ್ಲ. ಅದು ಬಹುತೇಕ ಮರೆಯಾಯಿತು. 1990ರ ಹೊತ್ತಿಗೆ ಪುಟ್ಟ ವೀಡಿಯೊ ಕ್ಯಾಮೆರಾಗಳು ಬಂದಾಗ ಅದಕ್ಕೆ ಮರುಜೀವ ಬಂತು. ಮೊದಲು ಮನುಷ್ಯರಿಗೆ, ಬಳಿಕ ನಾಯಿ ಬೆಕ್ಕುಗಳಿಗೂ ಅದು ನೆರವಾಯಿತು.

ಬೆಕ್ಕಿನ ಎದೆಗೂಡು ಬಹಳ ಚಿಕ್ಕದು. ಅರಿವಳಿಕೆ ಕೊಟ್ಟು, ಉಸಿರಾಟವನ್ನು ಯಂತ್ರದಿಂದ ನಡೆಸುತ್ತಾ, ಕೆಲವೇ ಮಿಲಿಮೀಟರ್ ದಪ್ಪದ ಉಪಕರಣಗಳಿಂದ ಕೆಲಸ ಮಾಡಬೇಕು. ಗಾಯ ಸಣ್ಣದಾದರೆ ನೋವು ಕಡಿಮೆ, ಚೇತರಿಕೆ ಬೇಗ. ಆದರೆ ಗಡ್ಡೆ ದೊಡ್ಡದಾಗಿದ್ದರೆ ಅಥವಾ ರಕ್ತನಾಳಕ್ಕೆ ಅಂಟಿದ್ದರೆ ಎದೆಯನ್ನು ತೆರೆಯಲೇಬೇಕು. ಎಲ್ಲ ಗಡ್ಡೆಗಳಿಗೂ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ, ಲಿಂಫೋಮ ಎಂಬ ಬಗೆಗೆ ಸಾಮಾನ್ಯವಾಗಿ ಔಷಧಿಯನ್ನೇ ಕೊಡುತ್ತಾರೆ.

ನಮ್ಮ ವಿದ್ಯಾರ್ಥಿನಿಯ ಬೆಕ್ಕಿಗೂ ಹಾಗೆಯೇ ಆಯಿತು. ಸಣ್ಣ ರಂಧ್ರಗಳಿಂದ ಆರಂಭಿಸಿದ ವೈದ್ಯರು, ಗಡ್ಡೆ ರಕ್ತನಾಳಕ್ಕೆ ಅಂಟಿರುವುದನ್ನು ಕಂಡು ಎದೆಯನ್ನು ತೆರೆದೇ ಅದನ್ನು ತೆಗೆದರು. ಉದ್ದನೆಯ ಹೊಲಿಗೆಯೊಡನೆ ಬೆಕ್ಕು ಮನೆಗೆ ಬಂತು. ಹಾಗಾದರೆ ಇಣುಕಿ ನೋಡಿದ್ದು ವ್ಯರ್ಥವಾಯಿತಲ್ಲವೇ ಎಂದು ಅವಳು ಕೇಳಿದಳು. ಇಲ್ಲ, ಇಣುಕಿ ನೋಡಿದ್ದರಿಂದಲೇ ಎಲ್ಲಿ ನಿಲ್ಲಬೇಕೆಂದು ವೈದ್ಯರಿಗೆ ತಿಳಿಯಿತು ಎಂದೆವು. ಯಾಕೊಬೇಯಸ್ ಅವರ ಕೊಳವೆಯ ಮೊದಲ ಉಪಕಾರವೂ ಅದೇ ಅಲ್ಲವೇ?

ಮಕ್ಕಳೇ, ನಿಮ್ಮ ಮನೆಯ ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದ್ದರೆ ಅಥವಾ ಸುಮ್ಮನೆ ಕುಳಿತಾಗಲೂ ಏದುಸಿರು ಬಿಡುತ್ತಿದ್ದರೆ ತಡಮಾಡದೆ ಅಪ್ಪ ಅಮ್ಮನಿಗೆ ಹೇಳಿರಿ. ಮಾತು ಬಾರದ ಪ್ರಾಣಿಯ ಕಷ್ಟವನ್ನು ಕಣ್ಣಿಟ್ಟು ನೋಡಿಯೇ ತಿಳಿಯಬೇಕು.