ಹುಟ್ಟಿದ್ದು ಬೆಂಗಳೂರಲ್ಲಿ, ಊರಿಗೆ ವಾಪಸ್ ಅಂತ ಹೋಗಿದ್ದು ಇಂಗ್ಲೆಂಡಿಗೆ: ನಮ್ಮ ತಾಲೂಕುಗಳ ಕಲ್ಲು ಓದಿಸಿದ ರೈಸ್ ಸಾಹೇಬರು

ಮೈಸೂರು: ಅಪ್ಪ ಇಂಗ್ಲೆಂಡಿನಿಂದ ಬಂದು ಬೆಂಗಳೂರಲ್ಲಿ ತೀರಿಕೊಂಡರು. ಮಗ ಬೆಂಗಳೂರಲ್ಲಿ ಹುಟ್ಟಿ ಇಂಗ್ಲೆಂಡಲ್ಲಿ ತೀರಿಕೊಂಡರು. ಇಬ್ಬರಲ್ಲಿ ಊರಿಗೆ ವಾಪಸ್ ಹೋದವರು ಯಾರು ಅಂತ ಕೇಳಿದರೆ, ಆ ಕಾಲದ ಲೆಕ್ಕದಲ್ಲಿ ಮಗನೇ!

ಆ ಮಗನ ಹೆಸರು ಬೆಂಜಮಿನ್ ಲೂಯಿಸ್ ರೈಸ್. ಕನ್ನಡ ಎಂ.ಎ. ಮಾಡಿದವರಿಗೆ, ಇತಿಹಾಸದ ಮೇಷ್ಟ್ರುಗಳಿಗೆ ಈ ಹೆಸರು ಚೆನ್ನಾಗಿ ಗೊತ್ತು, ಶಾಸನ ಪಿತಾಮಹ ಅಂತಲೇ ಕರೆಯುತ್ತಾರೆ. ಆದರೆ ಮೈಸೂರು, ನಂಜನಗೂಡು, ತಿ.ನರಸೀಪುರ, ಹುಣಸೂರು, ಎಚ್.ಡಿ.ಕೋಟೆ ಕಡೆಯ ಅಂಗಡಿ ಬೀದಿಯಲ್ಲಿ ನಿಂತು ರೈಸ್ ಗೊತ್ತಾ ಅಂತ ಕೇಳಿದರೆ ಸೋನಾ ಮಸೂರಿ ರೇಟ್ ಹೇಳ್ತಾರೆ. ತಪ್ಪೇನಿಲ್ಲ ಬಿಡಿ. ಆದರೆ ನಮ್ಮ ಎಷ್ಟೋ ಹಳ್ಳಿಗಳಿಗೆ ಸಾವಿರ ವರ್ಷದ ದಾಖಲೆ ಇದೆ ಅಂತ ನಮಗೆ ಗೊತ್ತಾಗಿರೋದೇ ಈ ಮನುಷ್ಯನಿಂದ.

ರೈಸ್ ಹುಟ್ಟಿದ್ದು 1837ರ ಜುಲೈ 17ಕ್ಕೆ, ಬೆಂಗಳೂರಲ್ಲಿ. ತಂದೆಯ ಹೆಸರೂ ಬೆಂಜಮಿನ್ ರೈಸ್. ಲಂಡನ್ ಮಿಷನ್ ಪಾದ್ರಿಯಾಗಿ ಬಂದವರು, ಸುಮಾರು ಐವತ್ತು ವರ್ಷ ಇಲ್ಲೇ ಇದ್ದು 1887ರಲ್ಲಿ ತೀರಿಕೊಂಡರು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ರೈಸ್ ಮೆಮೋರಿಯಲ್ ಚರ್ಚ್ ಅಂತ ಇದೆಯಲ್ಲ, ಅದು ಈ ಅಪ್ಪನ ಹೆಸರಿನದು. ಮಗನದಲ್ಲ.

ಮಗ ಹುಟ್ಟಿದಾಗ ಟಿಪ್ಪು ಸತ್ತು ಇನ್ನೂ 38 ವರ್ಷ. ಮೈಸೂರಿನ ಅರಮನೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಇದ್ದರೂ ಆಡಳಿತ ಮಾತ್ರ 1831ರಿಂದ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. ಹುಡುಗ ದೊಡ್ಡವನಾಗಿ ಓದಿಗೆ ಅಂತ ಇಂಗ್ಲೆಂಡಿಗೆ ಹೋದ. 1860ರಲ್ಲಿ ವಾಪಸ್ ಬಂದು ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥನಾದ. ಮುಂದೆ ಸೆಂಟ್ರಲ್ ಕಾಲೇಜ್ ಆಗಿದ್ದು ಅದೇ ಶಾಲೆ. ಆಗ ಅವರಿಗೆ ಇಪ್ಪತ್ತಮೂರರ ಆಸುಪಾಸು.

ಅಲ್ಲಿಂದ ಸ್ಕೂಲ್ ಇನ್ಸ್‌ಪೆಕ್ಟರ್ ಕೆಲಸ. ಮೈಸೂರು ಸೀಮೆ, ಕೊಡಗು ಎರಡೂ ಸುತ್ತಬೇಕು. ರೈಲು ಮೈಸೂರಿಗೆ ಬಂದದ್ದೇ 1882ರಲ್ಲಿ. ಅದಕ್ಕೂ ಮುಂಚೆ ಕುದುರೆ, ಎತ್ತಿನ ಗಾಡಿ, ಇಲ್ಲಾಂದ್ರೆ ಕಾಲ್ನಡಿಗೆ. 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ತಂದವರೂ ಇವರೇ. ಹೋಬಳಿಗೊಂದು ಸರ್ಕಾರಿ ಶಾಲೆ ಇರಬೇಕು, ಅಲ್ಲಿ ರೈತರ ಮಕ್ಕಳು ಕನ್ನಡದಲ್ಲಿ ಓದಬೇಕು ಅನ್ನೋ ಲೆಕ್ಕ. ಶಾಸನದ ಕೆಲಸ ಒಂದನ್ನೂ ಮಾಡದೆ ಇದೊಂದನ್ನೇ ಮಾಡಿ ಹೋಗಿದ್ದರೂ ಒಂದು ರಸ್ತೆಗೆ ಹೆಸರಿಡಬಹುದಿತ್ತು ಅಂತ ನನಗನಿಸುತ್ತೆ.

ಶಾಲೆ ನೋಡೋಕೆ ಹಳ್ಳಿಗೆ ಹೋದಾಗೆಲ್ಲ ಕಣ್ಣಿಗೆ ಬೀಳುತ್ತಿದ್ದದ್ದು ಕಲ್ಲು. ದೇವಸ್ಥಾನದ ಬಾಗಿಲ ಪಕ್ಕ, ಕೆರೆ ಏರಿ ಮೇಲೆ, ಹೊಲದ ಬದುವಲ್ಲಿ, ಊರ ಮುಂದಿನ ಅರಳಿಕಟ್ಟೆ ಹತ್ತಿರ. ಮೈತುಂಬಾ ಅಕ್ಷರ, ಓದೋರು ಯಾರೂ ಇಲ್ಲ. ಹಳಗನ್ನಡ ಗೊತ್ತಿದ್ದ ಪಂಡಿತರಿಗೂ ಆ ಹಳೇ ಲಿಪಿ ಕಷ್ಟ. ಅದೇ ಹೊತ್ತಿಗೆ, 1865ರಲ್ಲಿ, ಮೇಜರ್ ಡಿಕ್ಸನ್ ಅನ್ನೋ ಅಧಿಕಾರಿ ಸುಮಾರು 150 ಶಾಸನಗಳ ಫೋಟೊ ತೆಗೆದಿದ್ದರು. ಅವುಗಳ ಅನುವಾದ ಮಾಡೋ ಕೆಲಸ ರೈಸ್ ಪಾಲಿಗೆ ಬಂತು. ಸಂಬಳಕ್ಕೆ ಸೇರಿದ್ದು ಶಿಕ್ಷಣ ಇಲಾಖೆಗೆ, ಜೀವನ ಪೂರ್ತಿ ಹಿಡಿದುಕೊಂಡಿದ್ದು ಕಲ್ಲು.

ನಡುವೆ ಮೈಸೂರು ಮತ್ತು ಕೊಡಗಿನ ಗೆಜೆಟಿಯರ್ ಬರೆಯುವ ಹೊಣೆಯೂ ಹೆಗಲಿಗೆ ಬಿತ್ತು. ಅದು ಅಚ್ಚಾಗಿ ಬಂದ ಕಾಲವೇ ಧಾತು ಈಶ್ವರ ಬರದ ಕಾಲ, 1876ರಿಂದ 78. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಮೈಸೂರು ಸಂಸ್ಥಾನದ ಜನ 1881ರ ಹೊತ್ತಿಗೆ 42 ಲಕ್ಷಕ್ಕೆ ಇಳಿದಿದ್ದರು. ಪುಸ್ತಕದಲ್ಲಿ ಇಂತಿಷ್ಟು ಮನೆ, ಇಂತಿಷ್ಟು ಜನ ಅಂತ ಬರೆದಿಟ್ಟ ಹಳ್ಳಿಗಳು ಮಸಿ ಆರೋದರೊಳಗೆ ಅರ್ಧ ಖಾಲಿ ಆಗ್ತಿದ್ದವು. ಗೆಜೆಟಿಯರನ್ನು 1897ರಲ್ಲಿ ತಿದ್ದಿ ಮತ್ತೆ ತಂದರು.

1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂತು. ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ ಪುರಾತತ್ವಕ್ಕೇ ಅಂತ ಬೇರೆ ಇಲಾಖೆ ಆಯಿತು, ಅದಕ್ಕೆ ರೈಸ್ ನಿರ್ದೇಶಕರಾದರು. ಮೊದಲು ಬೇರೆ ಕೆಲಸದ ಜೊತೆಗೆ, 1890ರಿಂದ ಪೂರ್ತಿ ಅದೇ ಕೆಲಸ. ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಸಂಪುಟಗಳು ಬಂದದ್ದು ಹೀಗೆ. ಮೊದಲನೆಯದು 1886ರಲ್ಲಿ ಕೊಡಗಿನದು, ಎರಡನೆಯದು 1889ರಲ್ಲಿ ಶ್ರವಣಬೆಳಗೊಳದ್ದು. 1905ರ ಹೊತ್ತಿಗೆ ಒಟ್ಟು 12 ಸಂಪುಟ, ಸುಮಾರು 9 ಸಾವಿರ ಶಾಸನ. ಅಶೋಕನ ಶಾಸನಗಳು ಮೊಳಕಾಲ್ಮುರು ಕಡೆಯ ಬ್ರಹ್ಮಗಿರಿ, ಸಿದ್ದಾಪುರದಲ್ಲಿ ಇವೆ ಅಂತ 1892ರಲ್ಲಿ ಜಗತ್ತಿಗೆ ತೋರಿಸಿಕೊಟ್ಟಿದ್ದೂ ಇವರೇ.

ಈಗ ನಮ್ಮ ಕಡೆಗೆ ಬರೋಣ. ಮೂರು ಮತ್ತು ನಾಲ್ಕನೇ ಸಂಪುಟ ಮೈಸೂರು ಜಿಲ್ಲೆಯವು. ಬಂದದ್ದು 1894 ಮತ್ತು 1898ರಲ್ಲಿ. ಆಗ ಮಂಡ್ಯ, ಚಾಮರಾಜನಗರ ಬೇರೆ ಜಿಲ್ಲೆ ಆಗಿರಲಿಲ್ಲ, ಎಲ್ಲಾ ಮೈಸೂರೇ. ಮಂಡ್ಯ ಬೇರೆಯಾದದ್ದು 1939ರಲ್ಲಿ, ಚಾಮರಾಜನಗರ 1997ರಲ್ಲಿ. ಹಾಗಾಗಿ ಗುಂಡ್ಲುಪೇಟೆಯಿಂದ ನಾಗಮಂಗಲದ ತನಕ ಈ ಎರಡು ಪುಸ್ತಕದಲ್ಲೇ ಸಿಗುತ್ತೆ.

ಇವರು ಪುಸ್ತಕ ಜೋಡಿಸಿದ ರೀತಿ ನೋಡಿ. ರಾಜವಂಶದ ಪ್ರಕಾರ ಅಲ್ಲ, ತಾಲೂಕಿನ ಪ್ರಕಾರ. ತಾಲೂಕು, ಅದರೊಳಗೆ ಹಳ್ಳಿ, ಪ್ರತಿ ಶಾಸನಕ್ಕೆ ಒಂದು ನಂಬರ್, ಕಲ್ಲು ಎಲ್ಲಿದೆ ಅಂತ ಒಂದು ಸಾಲು. ಅಂಗಡಿಯಲ್ಲಿ ಸ್ಟಾಕ್ ಬರೆದಿಟ್ಟ ಹಾಗೆ. ಗಂಗರ ಮೇಲೆ ಸಂಶೋಧನೆ ಮಾಡೋರಿಗೆ ಪುಟ ತಿರುಗಿಸಿ ತಿರುಗಿಸಿ ಕೈನೋವು ಬರಬಹುದು, ಆದರೆ ತನ್ನ ಊರಿನ ಕಲ್ಲು ಹುಡುಕೋ ರೈತನಿಗೆ ಇದಕ್ಕಿಂತ ಸುಲಭ ಇಲ್ಲ.

ಎಚ್.ಡಿ.ಕೋಟೆ ತಾಲೂಕಿನ 18ನೇ ನಂಬರ್ ಬೆಳತೂರಿನದು, 1057ನೇ ಇಸವಿ. ನವಿಲೆನಾಡಿನ ಏಚ ಅನ್ನೋನು ಮಲ್ಲಯುದ್ಧದಲ್ಲಿ ಅರಸನ ಕಡೆಯ ಒಬ್ಬನನ್ನು ಕೊಂದ. ಅವನನ್ನು ತಲಕಾಡಿಗೆ ಎಳೆದೊಯ್ದು ಕೊಂದರು. ಸುದ್ದಿ ಕೇಳಿದ ಹೆಂಡತಿ ದೇಕಬ್ಬೆ, ತಂದೆ ತಾಯಿ ಎಷ್ಟು ಬೇಡಿಕೊಂಡರೂ ಕೇಳದೆ ಬೆಂಕಿಗೆ ಬಿದ್ದಳು. ಇವತ್ತು ನಾವದನ್ನು ಹೊಗಳೋ ಹಾಗಿಲ್ಲ, ಹೊಗಳಬಾರದು ಕೂಡ. ಆದರೆ ಮನೆಯವರ ಗೋಳು, ಹುಡುಗಿಯ ಹಟ ಎಲ್ಲಾ ಆ ಕಲ್ಲಲ್ಲಿ ಇದೆ, ಪದ್ಯದಲ್ಲಿ ಇದೆ. ಹಳ್ಳಿಯೊಂದರ ಒಂದು ಮನೆಯ ಸಾವು ಸುಮಾರು ಸಾವಿರ ವರ್ಷ ದಾಟಿ ಬಂದಿದೆ.

ತಿ.ನರಸೀಪುರ ತಾಲೂಕಿನ ದೊಡ್ಡಹುಂಡಿಯ ಕಲ್ಲು ಇನ್ನೊಂದು. ಗಂಗರ ದೊರೆ ನೀತಿಮಾರ್ಗ ಸಾಯುತ್ತಿರುವ ಹೊತ್ತನ್ನೇ ಕೆತ್ತಿದ್ದಾರೆ, ಪಕ್ಕದಲ್ಲಿ ಮಗ, ನಂಬಿಕೆಯ ಆಳು. ಇನ್ನು ಮದ್ದೂರು ತಾಲೂಕಿನ ಆತಕೂರಿನದಂತೂ ನಾಯಿ ಸಾಕಿದೋರೆಲ್ಲ ಓದಬೇಕು. ಮಣಲೇರ ಅನ್ನೋ ವೀರ, ಯುದ್ಧ ಗೆದ್ದುಕೊಟ್ಟದ್ದಕ್ಕೆ ಏನು ಬೇಕು ಕೇಳು ಅಂತ ದೊರೆ ಅಂದಾಗ, ಊರು ಕೇಳಲಿಲ್ಲ, ಬಂಗಾರ ಕೇಳಲಿಲ್ಲ. ಕಾಳಿ ಅನ್ನೋ ಬೇಟೆನಾಯಿ ಕೇಳಿದ. ಆ ನಾಯಿ ಹಂದಿ ಜೊತೆ ಕಾದಾಡಿ ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆ ಜಮೀನೂ ಬಿಟ್ಟರು. ಇದು ಹತ್ತನೇ ಶತಮಾನದ ಮಾತು. ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ.

ಇಷ್ಟೆಲ್ಲ ಒಬ್ಬರೇ ಮಾಡಿದರಾ? ಖಂಡಿತ ಇಲ್ಲ. ಬಿಸಿಲಲ್ಲಿ ಕಲ್ಲು ತೊಳೆದು, ಪಾಚಿ ಕೆರೆದು, ಮುಳ್ಳು ಸವರಿ, ಒಂದೊಂದೇ ಅಕ್ಷರ ಇಳಿಸಿಕೊಂಡವರು ಇಲ್ಲಿನ ಪಂಡಿತರು, ಇಲಾಖೆಯ ಚಿಕ್ಕ ನೌಕರರು. ಪುಸ್ತಕದ ಮೊದಲ ಪುಟದಲ್ಲಿ ದೊಡ್ಡದಾಗಿ ಇರೋದು ಒಂದೇ ಹೆಸರು. ಇದನ್ನು ಹೇಳದೆ ಸಾಹೇಬರನ್ನು ಬರೀ ಹೊಗಳಿದರೆ ಅನ್ಯಾಯ ಆಗುತ್ತೆ. ಅವಸರದಲ್ಲಿ ಮಾಡಿದ ಪಾಠಗಳಲ್ಲಿ, ಅನುವಾದಗಳಲ್ಲಿ ತಪ್ಪುಗಳಿವೆ ಅಂತ ಆಮೇಲಿನ ವಿದ್ವಾಂಸರು ತೋರಿಸಿದ್ದಾರೆ. ಜೆ.ಎಫ್. ಫ್ಲೀಟ್ ಅನ್ನೋ ಇನ್ನೊಬ್ಬ ಇಂಗ್ಲಿಷ್ ಶಾಸನತಜ್ಞರ ಜೊತೆ ಗಂಗರ ತಾಮ್ರಪಟಗಳ ವಿಷಯಕ್ಕೆ ವರ್ಷಗಟ್ಟಲೆ ಜಟಾಪಟಿ ನಡೆಯಿತು. ಅವೆಲ್ಲ ಖೋಟಾ ಅಂತ ಫ್ಲೀಟ್, ಅಲ್ಲ ಅಂತ ರೈಸ್. ಕೊನೆಗೆ ಹಲವು ಖೋಟಾ ಅನ್ನೋದರಲ್ಲಿ ಫ್ಲೀಟ್ ಸರಿ, ಎಲ್ಲವೂ ಖೋಟಾ ಅಲ್ಲ ಅನ್ನೋದರಲ್ಲಿ ರೈಸ್ ಸರಿ ಅನ್ನೋ ಹಾಗಾಯಿತು. ನಮ್ಮ ಕಡೆ ಜಮೀನು ವ್ಯಾಜ್ಯ ಮುಗಿಯೋದೂ ಹೆಚ್ಚುಕಮ್ಮಿ ಹೀಗೇ.

ಕಲ್ಲಿನ ಜೊತೆಗೆ ಓಲೆಗರಿ. ಪಂಪನ ಭಾರತವನ್ನು 1898ರಲ್ಲಿ ಮೊದಲ ಸಲ ಅಚ್ಚು ಹಾಕಿಸಿದವರೂ ರೈಸ್. ಅಲ್ಲಿವರೆಗೆ ಆದಿಕವಿಯ ಕಾವ್ಯ ಇದ್ದದ್ದು ಯಾರದೋ ಅಟ್ಟದ ಓಲೆಕಟ್ಟಿನಲ್ಲಿ.

1906ರಲ್ಲಿ ರೈಸ್ ನಿವೃತ್ತರಾದರು. ವಯಸ್ಸು 69ರ ಹತ್ತಿರ, ನೌಕರಿ 46 ವರ್ಷ. ಇಲ್ಲಿದ್ದ ಇಂಗ್ಲಿಷರಿಗೆ ಹೋಮ್ ಅಂದರೆ ಇಂಗ್ಲೆಂಡ್, ಇಲ್ಲೇ ಹುಟ್ಟಿದವರಿಗೂ ಅದೇ ಹೋಮ್. ಹಾಗಾಗಿ ಎಲ್ಲರ ಹಾಗೆ ಇವರೂ ಹಡಗು ಹತ್ತಿದರು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಓದು ಮುಗಿಸಿ ಹುಡುಗನಾಗಿ ಬಂದಾಗ ಇಲ್ಲದ ದಾರಿಯಲ್ಲಿ ಮುದುಕರಾಗಿ ವಾಪಸ್ ಹೋದರು. ಲಂಡನ್ ಹತ್ತಿರದ ಹ್ಯಾರೋ ಅನ್ನೋ ಊರು ಸೇರಿಕೊಂಡರು.

ಹೋಗಿ ಅಲ್ಲಿ ಏನು ಮಾಡಿದರು ಅನ್ನೋದೇ ನನಗೆ ಮುಖ್ಯ ಅನಿಸೋದು. ನಿವೃತ್ತಿ ಆದಮೇಲೆ ಹುಟ್ಟೂರು ಸೇರಿ ತೋಟ ಮಾಡಿಕೊಂಡು ಇರೋರನ್ನು ನಾವು ನೋಡಿದ್ದೀವಿ. ಇವರು ಹೋಗಿ ಮೂರೇ ವರ್ಷಕ್ಕೆ, 1909ರಲ್ಲಿ, ಲಂಡನ್ನಿಂದ ಒಂದು ಪುಸ್ತಕ ತಂದರು. ವಿಷಯ ಮತ್ತೆ ಮೈಸೂರು, ಕೊಡಗು. ಹನ್ನೆರಡು ಸಂಪುಟದಲ್ಲಿ ಚೆಲ್ಲಿಕೊಂಡಿದ್ದ ಕದಂಬ, ಗಂಗ, ಹೊಯ್ಸಳ, ವಿಜಯನಗರ ಎಲ್ಲವನ್ನೂ ಒಂದು ಕಡೆ ಕೂಡಿಸಿ, ಶಾಸನಗಳಿಂದಲೇ ಕಟ್ಟಿದ ಇತಿಹಾಸ. ಹೊರಗೆ ಇಂಗ್ಲೆಂಡಿನ ಮಂಜು, ಮೇಜಿನ ಮೇಲೆ ತಲಕಾಡು, ವರುಣ, ನಂಜನಗೂಡು. ಆಮೇಲೂ ಲಂಡನ್ನಿನ ಪತ್ರಿಕೆಗಳಲ್ಲಿ ಗಂಗರ ತಾಮ್ರಪಟಗಳ ಬಗ್ಗೆ ಬರೆಯೋದು ಬಿಡಲಿಲ್ಲ. ತಮ್ಮ ಎಡ್ವರ್ಡ್ ಪೀಟರ್ ರೈಸ್ ಕೂಡ ಇದೇ ದಾರಿಯವರು, ಇಂಗ್ಲಿಷಿನಲ್ಲಿ ಕನ್ನಡ ಸಾಹಿತ್ಯದ ಚರಿತ್ರೆ ಬರೆದರು. ಮನೆಗೆ ಹೋದೆ ಅಂತ ಹೇಳಿಕೊಂಡ ಮನುಷ್ಯ ಬಿಟ್ಟುಬಂದ ಊರಿನ ಬಗ್ಗೆಯೇ ಬರೀತಾ ಕೂತರೆ ಮನೆ ಯಾವುದು ಅಂತ ನೀವೇ ಹೇಳಿ.

ಇಲ್ಲಿ ಕೆಲಸ ನಿಲ್ಲಲಿಲ್ಲ. ಅವರ ಕೈಕೆಳಗೆ ಪಳಗಿದ ಆರ್. ನರಸಿಂಹಾಚಾರ್ ಆ ಕುರ್ಚಿಗೆ ಬಂದರು. ಶ್ರೀರಂಗಪಟ್ಟಣ ತಾಲೂಕಿನ ಕಡೆಯವರು, ಕರ್ನಾಟಕ ಕವಿಚರಿತೆ ಬರೆದವರು. ಆಮೇಲೆ ಬಂದ ಎಂ.ಎಚ್. ಕೃಷ್ಣ 1936ರಲ್ಲಿ ಹಲ್ಮಿಡಿ ಶಾಸನ ಪತ್ತೆಮಾಡಿದರು. ರೈಸ್ ಕಣ್ಣಿಗೆ ಅದು ಬಿದ್ದಿರಲಿಲ್ಲ. ಇವತ್ತು ಭಾರತೀಯ ಪುರಾತತ್ವ ಇಲಾಖೆಯ ಶಾಸನ ವಿಭಾಗದ ಮುಖ್ಯ ಕಚೇರಿಯೂ ನಮ್ಮ ಮೈಸೂರಲ್ಲೇ ಇದೆ.

ರೈಸ್ ತೀರಿಕೊಂಡಿದ್ದು 1927ರ ಜುಲೈ 10ಕ್ಕೆ, ಹ್ಯಾರೋದಲ್ಲಿ. ತೊಂಬತ್ತು ತುಂಬೋಕೆ ಒಂದು ವಾರ ಬಾಕಿ. ಮುಂದಿನ ತಿಂಗಳು ಮೈಸೂರಲ್ಲಿ ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬ. ಊರೆಲ್ಲ ಅದರ ಸಡಗರದಲ್ಲಿತ್ತು.

ಆ ಕಲ್ಲುಗಳ ಸ್ಥಿತಿ ಈಗ ಏನು? ಕೆಲವು ಚೆನ್ನಾಗಿವೆ, ಊರವರೇ ಅರಿಶಿನ ಕುಂಕುಮ ಹಚ್ಚಿ ಕಾಪಾಡಿದ್ದಾರೆ. ಕೆಲವಕ್ಕೆ ದೇವಸ್ಥಾನದ ಜೀರ್ಣೋದ್ಧಾರದಲ್ಲಿ ಆಯಿಲ್ ಪೇಂಟ್ ಬಿದ್ದಿದೆ. ಕೆಲವು ಬಟ್ಟೆ ಒಗೆಯೋ ಕಲ್ಲಾಗಿವೆ, ಕೆಲವು ಮೋರಿ ಮೇಲಿನ ಚಪ್ಪಡಿ. ಅಕ್ಷರದ ಕೆಳಗೆ ನಿಧಿ ಇದೆ ಅಂತ ಅಮಾವಾಸ್ಯೆ ರಾತ್ರಿ ಅಗೆಯೋರ ಕಾಟ ಬೇರೆ. ಕಲ್ಲು ಹೋದ ಕಡೆ ಉಳಿದಿರೋದು ಪುಸ್ತಕದ ನಂಬರ್ ಮಾತ್ರ.

ನಿಮ್ಮೂರಿನದು ನೋಡಬೇಕು ಅಂದರೆ ದಾರಿ ಇದೆ. ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ಈ ಸಂಪುಟಗಳನ್ನು ಪರಿಷ್ಕರಿಸಿ, ಹೊಸದಾಗಿ ಸಿಕ್ಕ ಶಾಸನ ಸೇರಿಸಿ ಮತ್ತೆ ತಂದಿದೆ. ಹೊಸ ಸಂಪುಟದಲ್ಲಿ ನಂಬರ್ ಬದಲಾಗಿದ್ದರೂ ತಾಲೂಕು, ಹಳ್ಳಿ ಹಿಡಿದು ಹುಡುಕಬಹುದು. ದೊಡ್ಡ ಲೈಬ್ರರಿಗಳಲ್ಲಿ ವಿಚಾರಿಸಿ. ಹಳ್ಳಿ ಹೆಸರಿನ ಪಕ್ಕದಲ್ಲಿ ಕಲ್ಲು ಎಲ್ಲಿದೆ ಅಂತ ಬರೆದಿರ್ತಾರೆ, ಇಂಥ ದೇವಸ್ಥಾನದ ಎಡಕ್ಕೆ, ಇಂಥವರ ಹೊಲದಲ್ಲಿ ಅಂತ. ಆ ಒಂದು ಸಾಲು ಬರಕೊಂಡು ಹೋಗಿ, ಕಲ್ಲು ಇನ್ನೂ ಅಲ್ಲೇ ಇದೆಯಾ ನೋಡಿ.