ಮಿಸ್ ಎಡಿತ್ ಕ್ಲಾರ್ಕ್

ಗಣಿತವು ಸ್ತ್ರೀಯರಿಗೆ ಒಗ್ಗದ ವಿದ್ಯೆಯೆಂಬ ಮಾತನ್ನು ನಾವು ಬಾಲ್ಯದಿಂದಲೂ ಕೇಳುತ್ತ ಬಂದಿರುವೆವು. ಇದು ಎಷ್ಟರಮಟ್ಟಿಗೆ ನಿಜವೆಂದು ಪರೀಕ್ಷಿಸಲಿಚ್ಛಿಸುವವರು ಅಮೆರಿಕಾ ದೇಶದ ವಿದ್ಯುಚ್ಛಾಸ್ತ್ರಜ್ಞೆ ಮಿಸ್ ಎಡಿತ್ ಕ್ಲಾರ್ಕ್‌ರವರ ಚರಿತ್ರೆಯನ್ನು ಓದತಕ್ಕದ್ದು.

ಇವರು 1883ನೆಯ ಇಸವಿ ಫೆಬ್ರವರಿ 10ರಂದು ಮೇರಿಲ್ಯಾಂಡ್ ಸಂಸ್ಥಾನದಲ್ಲಿ ಜನಿಸಿದರು. ಹನ್ನೆರಡರ ಪ್ರಾಯದಲ್ಲಿಯೇ ತಂದೆತಾಯಿಗಳಿಲ್ಲದವರಾಗಿ ಅಕ್ಕನ ಪೋಷಣೆಯಲ್ಲಿ ಬೆಳೆದರು. ಹದಿನೆಂಟನೆಯ ವರ್ಷದಲ್ಲಿ ಪಿತ್ರಾರ್ಜಿತ ಧನವು ಕೈಸೇರಲು, ಅದನ್ನು ವಿದ್ಯಾಭ್ಯಾಸಕ್ಕೆಂದೇ ವಿನಿಯೋಗಿಸಿ, ವಾಸರ್ ಕಾಲೇಜಿನಲ್ಲಿ ಗಣಿತ, ಖಗೋಳಶಾಸ್ತ್ರಗಳನ್ನು ಕಲಿತು 1908ರಲ್ಲಿ ಪದವೀಧರೆಯಾದರು. ತಲಾಂತನ್ನು ನೆಲದಲ್ಲಿ ಹೂತಿಡದೆ ವೃದ್ಧಿಗೊಳಿಸಿದ ಸೇವಕನ ಸಾಮ್ಯವು ಇಲ್ಲಿ ನಮ್ಮ ನೆನಪಿಗೆ ಬರುವುದು.

ಕೆಲಕಾಲ ಉಪಾಧ್ಯಾಯಿನಿಯಾಗಿದ್ದು, ಆ ಮೇಲೆ ಟೆಲಿಫೋನ್ ಕಂಪೆನಿಯಲ್ಲಿ ಲೆಕ್ಕಮಾಡುವ ಕೆಲಸಕ್ಕೆ ಸೇರಿದರು. 1919ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದಿಂದ ವಿದ್ಯುತ್ ಎಂಜಿನಿಯರಿಂಗಿನಲ್ಲಿ ಎಂ.ಎಸ್‌ಸಿ. ಪಡೆದ ಪ್ರಥಮ ಮಹಿಳೆ ಇವರೇ. ಆದರೂ ಎಂಜಿನಿಯರ್ ಹುದ್ದೆಯನ್ನು ಕೊಡುವವರು ಯಾರೂ ಇರಲಿಲ್ಲ. ಜನರಲ್ ಎಲೆಕ್ಟ್ರಿಕ್ ಕಂಪೆನಿಯಲ್ಲಿ ಲೆಕ್ಕಮಾಡುವ ಸ್ತ್ರೀಯರ ಮೇಲ್ವಿಚಾರಣೆಯೇ ಇವರ ಪಾಲಿಗೆ ಬಂದಿತು.

ಇವರು ಬಿಡಿಸಹೊರಟ ಲೆಕ್ಕಗಳು ಎಂತಹವೆಂಬುದನ್ನು ಕಿಂಚಿತ್ ತಿಳಿಸುವೆವು. ಪರ್ಯಾಯ ಪ್ರವಾಹದ ಮಂಡಲದಲ್ಲಿ ತಂತಿಯ ಸುರುಳಿಯಿದ್ದರೆ, ಪ್ರವಾಹವು ವೋಲ್ಟೇಜಿಗಿಂತ ತಡವಾಗಿ ಏರಿಳಿಯುವುದು. ಬೀಸುವ ಕಲ್ಲಿಗೆ ಇಬ್ಬರು ಕೈಹಾಕಿಯೂ ಒಬ್ಬಳ ಸೆಳೆತವು ಹಿಂದೆಬಿದ್ದರೆ, ಪಟ್ಟ ಶ್ರಮಕ್ಕೆ ತಕ್ಕಷ್ಟು ಹಿಟ್ಟು ಬೀಳದಷ್ಟೆ, ಇದೂ ಹಾಗೆಯೇ. ಒಂದು ಮಂಡಲದ ರೋಧವು 30 ಓಮ್, ಸುರುಳಿಯ ಪ್ರತಿರೋಧವು 40 ಓಮ್ ಆಗಿರಲಿ. ಇವೆರಡನ್ನು ಕೂಡಿಸಿ 70 ಎನ್ನಲಾಗದು. ಲಂಬಕೋನ ತ್ರಿಭುಜದ ಭುಜಗಳಂತೆ ವರ್ಗಗಳನ್ನು ಕೂಡಿಸಲು 2500, ಅದರ ಮೂಲ 50 ಓಮ್. 200 ವೋಲ್ಟಿಗೆ ಹರಿಯುವ ಪ್ರವಾಹವು 4 ಆಂಪಿಯರ್. ಇವುಗಳ ಗುಣಲಬ್ಧ 800. ಆದರೆ ರೋಧದಲ್ಲಿ ನಿಜವಾಗಿ ವ್ಯಯವಾಗುವ ಶಕ್ತಿಯು 480 ವಾಟ್ ಮಾತ್ರ. 480ನ್ನು 800ರಿಂದ ಭಾಗಿಸಲು ಬರುವ 0.6 ಎಂಬುದೇ ಪವರ್ ಫ್ಯಾಕ್ಟರ್. ಇದು ಕಡಿಮೆಯಾದಷ್ಟೂ ಅದೇ ಕೆಲಸಕ್ಕೆ ಹೆಚ್ಚು ಪ್ರವಾಹವು ಬೇಕಾಗಿ ತಂತಿಗಳು ವ್ಯರ್ಥವಾಗಿ ಕಾಯುವುವು.

ಚಿಕ್ಕ ಮಂಡಲಕ್ಕೆ ಈ ತ್ರಿಭುಜವೇ ಸಾಕು. ನೂರಾರು ಮೈಲಿ ದೂರ ವಿದ್ಯುತ್ತನ್ನು ಸಾಗಿಸುವ ತಂತಿಗಳ ಲೆಕ್ಕವಾದರೋ ಬಹು ಜಟಿಲ. ಇದನ್ನು ಸುಲಭಗೊಳಿಸಲು ಮಿಸ್ ಕ್ಲಾರ್ಕ್‌ರವರು ನಕ್ಷಾರೂಪವಾದ ಗಣಕಸಾಧನವೊಂದನ್ನು ಕಲ್ಪಿಸಿ 1921ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. 1925ರಲ್ಲಿ ಅದು ದೊರೆಯಿತು.

ಇಷ್ಟಾದರೂ ಎಂಜಿನಿಯರ್ ಹುದ್ದೆಯು ದೊರೆಯದಿರಲು, 1921ರಲ್ಲಿ ಕೆಲಸವನ್ನು ಬಿಟ್ಟು ಕಾನ್‌ಸ್ಟಾಂಟಿನೋಪಲಿನ ಮಹಿಳಾ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸಲು ಹೋದರು. ಆ ಕಾಲೇಜು ಅಮೆರಿಕದ ಮಿಷನ್ ಸ್ತ್ರೀಯರು 1871ರಲ್ಲಿ ತೆರೆದ ಬಾಲಿಕಾ ಪಾಠಶಾಲೆಯಿಂದ ಬೆಳೆದದ್ದೆಂಬುದು ನಮಗೆಲ್ಲ ಸಂತೋಷದ ಸಂಗತಿ. 1922ರಲ್ಲಿ ಕಂಪೆನಿಯು ಇವರನ್ನು ಎಂಜಿನಿಯರ್ ಆಗಿಯೇ ಮರಳಿ ನೇಮಿಸಿಕೊಂಡಿತು.

1926ರಲ್ಲಿ ಅಮೆರಿಕದ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯ ಮುಂದೆ ಪ್ರಬಂಧವನ್ನೋದಿದ ಮೊದಲ ಮಹಿಳೆಯಾದರು. 1943ರಲ್ಲಿ ಪರ್ಯಾಯ ಪ್ರವಾಹದ ಮಂಡಲಗಳನ್ನು ಕುರಿತು ಗ್ರಂಥವನ್ನು ಪ್ರಕಟಿಸಿದರು. 1947ರಿಂದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕಿಯಾಗಿದ್ದು ಆ ಮೇಲೆ ವಿಶ್ರಾಂತರಾದರು. 1959ನೆಯ ಅಕ್ಟೋಬರ್ 29ರಂದು ದೈವಾಧೀನರಾದರು.

ಬಾಗಿಲು ಮುಚ್ಚಿತೆಂದು ಇವರು ಕಲಿಕೆಯನ್ನು ಬಿಡಲಿಲ್ಲ. ಬಾಗಿಲು ತೆರೆದಾಗ ಸಿದ್ಧರಾಗಿಯೇ ಇದ್ದರು. ನಮ್ಮ ಕನ್ಯೆಯರ ಪಾಲಿನ ಧನವನ್ನು ಅವರ ವಿದ್ಯೆಗೂ ವೆಚ್ಚಮಾಡಬಹುದೆಂಬುದನ್ನು ತಂದೆತಾಯಿಗಳು ಮನಗಾಣಲೆಂದು ನಾವು ವಿನಯಪೂರ್ವಕವಾಗಿ ಬೇಡುವೆವು.